ಹಿಂದೆ ಕೂತವರ ತಲೆಗೂ ಕಾಯ್ದೆ ಉಂಟು

ಪ್ರಶ್ನೆ: ನಾನು ಡೊಂಬಿವಲಿ ಪೂರ್ವದಲ್ಲಿದ್ದೇನೆ. ದಿನಾ ಸ್ಕೂಟರಿನಲ್ಲಿ ಕಾಟಾಯಿ ನಾಕಾ, ಶಿಲ್‌ಫಾಟಾ ದಾಟಿ ಮಹಾಪೆಗೆ ಕೆಲಸಕ್ಕೆ ಹೋಗುತ್ತೇನೆ. ಹೆಂಡತಿಯನ್ನು ಘನ್ಸೋಲಿಯಲ್ಲಿ ಬಿಟ್ಟು ಬರುತ್ತೇನೆ. ನನಗೆ ಹೆಲ್ಮೆಟ್ ಇದೆ, ಅವಳಿಗಿಲ್ಲ. ಕಲ್ಯಾಣ್, ಡೊಂಬಿವಲಿಯಲ್ಲಿ ಹಿಂದೆ ಕೂತವರನ್ನು ಯಾರೂ ಕೇಳುವುದಿಲ್ಲ, ನವಿಮುಂಬಯಿಯಲ್ಲಿ ಮಾತ್ರ ಹಿಡಿಯುತ್ತಾರೆ ಎಂದು ಜೊತೆಯವರು ಹೇಳುತ್ತಾರೆ. ಮೊನ್ನೆ ಮೊಬೈಲಿಗೆ ಚಲನ್ ಬಂತು. ಊರಿಗೊಂದು ಕಾನೂನು ಉಂಟೇ? ಪೊಲೀಸರು ಚಾವಿ ಕಿತ್ತುಕೊಳ್ಳಬಹುದೇ? ಲೈಸೆನ್ಸ್ ಹೋಗುತ್ತದೆಯೇ? ನಮ್ಮ ತಲೆ ನಮ್ಮ ಇಷ್ಟ ಎನ್ನುವ ಹಕ್ಕು ನಮಗಿಲ್ಲವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಊರಿಗೊಂದು ಕಾನೂನು ಇಲ್ಲ. ನೀವು ದಿನವೂ ಹೋಗುವ ದಾರಿಯಲ್ಲಿ ಬದಲಾಗುವುದು ಪೊಲೀಸ್ ಕಮಿಷನರೇಟ್ ಮಾತ್ರ. ಥಾಣೆ, ಕಳವಾ, ಮುಂಬ್ರಾ, ಭಿವಂಡಿ, ಡೊಂಬಿವಲಿ, ಕಲ್ಯಾಣ್, ಉಲ್ಲಾಸನಗರ, ಅಂಬರನಾಥ, ಬದಲಾಪುರ ಇವೆಲ್ಲ ಥಾಣೆ ಪೊಲೀಸ್ ಕಮಿಷನರ ವ್ಯಾಪ್ತಿ. ಶಿಲ್‌ಫಾಟಾ ಬಿಟ್ಟು ಮಹಾಪೆ ಕಡೆಗೆ ಹೋದ ಮೇಲೆ ನವಿಮುಂಬಯಿ ಕಮಿಷನರ ವ್ಯಾಪ್ತಿ ಶುರುವಾಗುತ್ತದೆ. ಆರ್‌ಟಿಒ ಕೂಡ ಬೇರೆ ಬೇರೆ: ಥಾಣೆಗೆ ಎಂಎಚ್ 04, ಕಲ್ಯಾಣಕ್ಕೆ 05, ವಾಶಿಗೆ 43, ಪನ್ವೇಲಿಗೆ 46. ಒಂದು ಕಡೆ ನಾಕಾಬಂದಿ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರಬಹುದು. ಆದರೆ ಇಷ್ಟೂ ಊರಿನ ಪೊಲೀಸರು ಚಲನ್ ಬರೆಯುವುದು ಒಂದೇ ಕಾಯ್ದೆಯ ಆಧಾರದಲ್ಲಿ. ಅದು 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 129.

ಅಮೆರಿಕದಲ್ಲಿ ಹೆಲ್ಮೆಟಿನ ವಿಚಾರ ಆಯಾ ರಾಜ್ಯಕ್ಕೆ ಸೇರಿದ್ದು. ಅಲ್ಲಿನ ಇಲಿನಾಯ್‌ನಲ್ಲಿ ದೊಡ್ಡವರು ಬರಿದಲೆಯಲ್ಲಿ ಬೈಕ್ ಓಡಿಸಿದರೆ ಕಾನೂನು ತಡೆಯುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ತಡೆಯುತ್ತದೆ. ನಮ್ಮ ದೇಶದಲ್ಲಿ ಮೋಟಾರು ವಾಹನ ಸಮವರ್ತಿ ಪಟ್ಟಿಯಲ್ಲಿರುವ ವಿಷಯ, ಮೂಲ ಕಾಯ್ದೆ ಸಂಸತ್ತಿನದು. ಹಾಗಾದರೆ ‘ಹಿಂದೆ ಕೂತವರಿಗೆ ಬೇಡ’ ಎಂಬ ನಂಬಿಕೆ ಎಲ್ಲಿಂದ ಬಂತು? ಹಳೆಯ ಸೆಕ್ಷನ್ 129ರಲ್ಲೂ ಬೈಕ್ ಓಡಿಸುವವರು, ಅದರ ಮೇಲೆ ಕೂತು ಹೋಗುವವರು ಇಬ್ಬರಿಗೂ ಹೆಲ್ಮೆಟ್ ಹೇಳಿತ್ತು. ಆದರೆ ಅದರ ಕೊನೆಯಲ್ಲಿ, ರಾಜ್ಯ ಸರ್ಕಾರಗಳು ತಮಗೆ ಸರಿ ಕಂಡ ವಿನಾಯಿತಿ ಕೊಡಬಹುದು ಎಂಬ ಮಾತಿತ್ತು. ಆ ಬಾಗಿಲಿನಿಂದಲೇ ಹಲವು ರಾಜ್ಯಗಳು ಹೆಂಗಸರನ್ನೋ ಹಿಂಬದಿ ಸವಾರರನ್ನೋ ಬಿಟ್ಟುಕೊಟ್ಟವು. ದೆಹಲಿಯಲ್ಲಿ ಹೆಂಗಸರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2014ರಲ್ಲಿ. ನಮ್ಮ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಕಡ್ಡಾಯವಾದದ್ದು 2016ರ ಜನವರಿಯಲ್ಲಿ.

2019ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಈಗಿನ ಸೆಕ್ಷನ್ 129ರ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ, ಓಡಿಸುವವರಾಗಲಿ ಕೂತು ಹೋಗುವವರಾಗಲಿ, ಸಾರ್ವಜನಿಕ ಸ್ಥಳದಲ್ಲಿ ಹೆಲ್ಮೆಟ್ ಧರಿಸಬೇಕು. ವಿನಾಯಿತಿ ಇರುವುದು ಪೇಟ ಸುತ್ತಿದ ಸಿಖ್ಖರಿಗೆ ಮಾತ್ರ. ರಾಜ್ಯಗಳ ಕೈಯಲ್ಲಿ ವಿನಾಯಿತಿಯ ಅಧಿಕಾರ ಉಳಿದಿಲ್ಲ. ಗುಜರಾತ್ ಸರ್ಕಾರ ಅದೇ ವರ್ಷದ ಡಿಸೆಂಬರಿನಲ್ಲಿ, ನಗರದೊಳಗೆ ಹೆಲ್ಮೆಟ್ ಐಚ್ಛಿಕ ಎಂದು ಘೋಷಿಸಿ ಕೊನೆಗೆ ಹಿಂದೆ ಸರಿಯಬೇಕಾಯಿತು. ಮಹಾರಾಷ್ಟ್ರದಲ್ಲೂ ಜಗ್ಗಾಟ ಕಡಿಮೆಯಾಗಿಲ್ಲ. 2016ರ ಜುಲೈಯಲ್ಲಿ ಆಗಿನ ಸಾರಿಗೆ ಸಚಿವ ದಿವಾಕರ ರಾವತೆ ‘ಹೆಲ್ಮೆಟ್ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ’ ಎಂದರು. ಪಂಪ್ ಮಾಲೀಕರು ವಿರೋಧಿಸಿದರು, ಕೆಲವೇ ವಾರಗಳಲ್ಲಿ ಆದೇಶ ಸಡಿಲವಾಯಿತು. 2019ರ ಜನವರಿ 1ರಿಂದ ಪುಣೆಯಲ್ಲಿ ಕಟ್ಟುನಿಟ್ಟಾದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. 2022ರ ಮೇ ತಿಂಗಳಲ್ಲಿ ಮುಂಬಯಿ ಸಂಚಾರ ಪೊಲೀಸರು ಹಿಂದೆ ಕೂತವರನ್ನೂ ಬಿಡುವುದಿಲ್ಲ ಎಂದು ಪ್ರಕಟಿಸಿ, ಹದಿನೈದು ದಿನ ಗಡುವು ಕೊಟ್ಟು, ಜೂನಿನಿಂದ ದಂಡ ಹಾಕತೊಡಗಿದರು. 2024ರ ನವೆಂಬರಿನಲ್ಲಿ ರಾಜ್ಯದ ಸಂಚಾರ ವಿಭಾಗದ ಹೆಚ್ಚುವರಿ ಮಹಾನಿರ್ದೇಶಕರ ಕಚೇರಿಯಿಂದ ಎಲ್ಲ ಕಮಿಷನರೇಟುಗಳಿಗೂ ಸೂಚನೆ ಹೋಯಿತು: ಸವಾರ ಮತ್ತು ಹಿಂಬದಿ ಸವಾರ ಇಬ್ಬರ ಪ್ರಕರಣಗಳನ್ನೂ ಚಲನ್ ಯಂತ್ರದಲ್ಲಿ ಬೇರೆ ಬೇರೆಯಾಗಿ ದಾಖಲಿಸಿ ಎಂದು. ಡೊಂಬಿವಲಿಯಲ್ಲಿ ಕೇಳುವುದಿಲ್ಲ ಎನ್ನುವ ನಿಮ್ಮ ಜೊತೆಯವರ ಮಾತು ನಿನ್ನೆಯ ಅನುಭವ ಇರಬಹುದು. ನಾಳೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ನಿಮ್ಮ ವಿಷಯದಲ್ಲಿ ಒಂದು ಮುಖ್ಯ ಮಾತಿದೆ. ಹೆಂಡತಿ ಬರಿದಲೆಯಲ್ಲಿ ಕೂತರೆ ಕಾಯ್ದೆ ಹಿಡಿಯುವುದು ನಿಮ್ಮನ್ನು. ಶಿಕ್ಷೆ ಹೇಳುವ ಸೆಕ್ಷನ್ 194ಡಿ, ಸೆಕ್ಷನ್ 129ನ್ನು ಮೀರಿ ಗಾಡಿ ಓಡಿಸುವವರಿಗೆ ಅಥವಾ ಓಡಿಸಲು ಬಿಡುವವರಿಗೆ ಅನ್ವಯಿಸುತ್ತದೆ. ದಂಡ ಒಂದು ಸಾವಿರ ರೂಪಾಯಿ, ಅದರ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ರಾಜಿ ದಂಡದ ಮೊತ್ತವನ್ನು ರಾಜ್ಯಗಳು ಕಡಿಮೆ ಇಡಬಹುದು. 2022ರ ಮುಂಬಯಿಯ ಪ್ರಕಟಣೆಯಲ್ಲಿ ಅದು 500 ರೂಪಾಯಿ ಇತ್ತು. ದಂಡದ ಈ ಮೊತ್ತವನ್ನು ಕಂಡು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ಲೈಸೆನ್ಸಿನ ಮಾತು ಯಾರ ಗಮನಕ್ಕೂ ಬರುವುದಿಲ್ಲ. ಸೆಕ್ಷನ್ 200ಕ್ಕೆ 2019ರಲ್ಲಿ ಸೇರಿಸಿದ ಮಾತು ಸ್ಪಷ್ಟವಾಗಿದೆ: ರಾಜಿ ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸಿನ ಮೇಲಿನ ಕ್ರಮದಿಂದ ಬಿಡುಗಡೆ ಇಲ್ಲ, ಹಾಗೆ ಕಟ್ಟಿದ ತಪ್ಪು ಮುಂದಿನ ಸಲದ ಲೆಕ್ಕಕ್ಕೆ ಹಿಂದಿನ ಅಪರಾಧ ಎಂದೇ ಸೇರುತ್ತದೆ. ಬೈಕಿನಲ್ಲಿ ಊಟ ತಲುಪಿಸಿ, ಪಾರ್ಸೆಲ್ ತಲುಪಿಸಿ ಬದುಕುವ ಹುಡುಗರಿಗೆ ಮೂರು ತಿಂಗಳ ಅನರ್ಹತೆಯೆಂದರೆ ಮೂರು ತಿಂಗಳ ಸಂಪಾದನೆ ಹೋದಂತೆಯೇ.

ಇಲ್ಲಿಂದ ನಿಮ್ಮ ಹಕ್ಕಿನ ಮಾತು ಶುರುವಾಗುತ್ತದೆ. ಹೆಲ್ಮೆಟ್ ಇಲ್ಲದವರ ಲೈಸೆನ್ಸನ್ನು ಪೊಲೀಸ್ ಅಧಿಕಾರಿ ವಶಕ್ಕೆ ತೆಗೆದುಕೊಂಡು ಲೈಸೆನ್ಸ್ ಪ್ರಾಧಿಕಾರಕ್ಕೆ ಕಳಿಸಬಹುದು. ಇದು ಸೆಕ್ಷನ್ 206ರ ನಾಲ್ಕನೇ ಉಪವಿಭಾಗ. ಹಾಗೆ ತೆಗೆದುಕೊಂಡರೆ ರಶೀದಿ ಕೊಡಲೇಬೇಕು. ಅನರ್ಹಗೊಳಿಸುವ ಅಧಿಕಾರ ಮಾತ್ರ ಪೊಲೀಸರದಲ್ಲ, ಆರ್‌ಟಿಒದಲ್ಲಿ ಕೂತಿರುವ ಲೈಸೆನ್ಸ್ ಪ್ರಾಧಿಕಾರದ್ದು. ಸೆಕ್ಷನ್ 19ರ ಪ್ರಕಾರ ಆ ಪ್ರಾಧಿಕಾರ ನಿಮ್ಮ ಮಾತು ಕೇಳಿದ ಮೇಲೆಯೇ ಆದೇಶ ಹೊರಡಿಸಬೇಕು, ಆದೇಶ ಕೈಸೇರಿದ ಮೂವತ್ತು ದಿನದೊಳಗೆ ನೀವು ಮೇಲ್ಮನವಿ ಹಾಕಬಹುದು. ಅತಿವೇಗದ ಪ್ರಕರಣವೊಂದರಲ್ಲಿ ಪೊಲೀಸ್ ಅಧಿಕಾರಿಯೇ ಲೈಸೆನ್ಸ್ ಅಮಾನತು ಮಾಡಿದ್ದನ್ನು ಕಲ್ಕತ್ತಾ ಹೈಕೋರ್ಟ್ 2022ರಲ್ಲಿ ಒಪ್ಪಲಿಲ್ಲ. ವಶಪಡಿಸಿಕೊಂಡು ಕಳಿಸುವುದಷ್ಟೇ ಪೊಲೀಸರ ಕೆಲಸ ಎಂದಿತು. ಆದ್ದರಿಂದ ಕಲ್ಯಾಣ್ ಅಥವಾ ವಾಶಿ ಆರ್‌ಟಿಒದಿಂದ ನೋಟಿಸ್ ಬಂದರೆ ಮೂಲೆಗೆ ಹಾಕಬೇಡಿ. ಹೇಳಿದ ದಿನ ಹೋಗಿ, ಲಿಖಿತ ಉತ್ತರ ಕೊಡಿ, ಅದರ ಒಂದು ಪ್ರತಿಗೆ ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳಿ.

ಚಾವಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಓಡುವ ಗಾಡಿಯ ಚಾವಿ ಕಿತ್ತುಕೊಳ್ಳಿ ಎಂದು ಮೋಟಾರು ವಾಹನ ಕಾಯ್ದೆಯ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಗಾಡಿಯನ್ನೇ ವಶಪಡಿಸಿಕೊಳ್ಳುವ ಸೆಕ್ಷನ್ 207 ಇರುವುದು ಲೈಸೆನ್ಸ್ ಇಲ್ಲದೆ ಓಡಿಸಿದಾಗ, ನೋಂದಣಿ ಇಲ್ಲದಾಗ, ಪರ್ಮಿಟ್ ಬೇಕಾದ ಗಾಡಿಗೆ ಅದು ಇಲ್ಲದಾಗ, ಇಂಥ ಸಂದರ್ಭಕ್ಕೆ. ಬರೀ ಹೆಲ್ಮೆಟ್ ಇಲ್ಲವೆಂದು ಸ್ಕೂಟರ್ ಎಳೆದುಕೊಂಡು ಹೋಗುವಂತಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸುವುದು ನಿಮ್ಮ ಕರ್ತವ್ಯ. ಕಾಗದವೇ ಬೇಕೆಂದಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆಗೆ 2018ರಿಂದ ಅಷ್ಟೇ ಮಾನ್ಯತೆ ಇದೆ. ಗಾಡಿಯನ್ನು ರಸ್ತೆ ಬದಿಗೆ ತನ್ನಿ, ಎಂಜಿನ್ ನಿಲ್ಲಿಸಿ, ನಿಧಾನವಾಗಿ ಮಾತಾಡಿ. ಚಲನ್ ಇಲ್ಲದೆ ಕೈಗೆ ಹಣ ಕೊಡಬೇಡಿ. ಅಲ್ಲೇ ಕಟ್ಟಲೇಬೇಕೆಂಬ ಬಲವಂತವೂ ಇಲ್ಲ. ತಪ್ಪು ಒಪ್ಪುವುದಿಲ್ಲವೆಂದಾದರೆ ಕಟ್ಟಬೇಡಿ, ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ಆದರೆ ತಪ್ಪು ನಿಮ್ಮದೇ ಆಗಿದ್ದರೆ ಕಟ್ಟಿ ಮುಗಿಸಿ. ಕಟ್ಟದೆ ಗುಡ್ಡೆ ಹಾಕಿದ ಚಲನ್‌ಗಳು ಗಾಡಿ ಮಾರುವ ದಿನ ಒಟ್ಟಿಗೆ ಎದುರು ಬರುತ್ತವೆ.

ಮೊಬೈಲಿಗೆ ಬಂದ ಚಲನ್ ಅನ್ನು ಮಹಾಟ್ರಾಫಿಕ್ ಆಪಿನಲ್ಲಿ ತೆರೆದು ನೋಡಿ. ಅದರೊಳಗೆ ಫೋಟೋ ಇರುತ್ತದೆ. ಮೊದಲು ನಂಬರ್ ಪ್ಲೇಟು: ಅದು ನಿಮ್ಮದೇ ಗಾಡಿಯೇ, ಬಣ್ಣ ಮಾದರಿ ಸರಿಯೇ? ಆಮೇಲೆ ಸ್ಥಳ ಮತ್ತು ಹೊತ್ತು: ಆ ದಿನ ಆ ಹೊತ್ತಿಗೆ ನೀವು ಅಲ್ಲಿದ್ದಿರಾ? ಕೊನೆಗೆ ತಲೆ: ಹೆಲ್ಮೆಟ್ ಇಲ್ಲದಿರುವುದು ಕಣ್ಣಿಗೆ ಕಾಣುತ್ತದೆಯೇ, ಅಥವಾ ಹಿಂದಿನಿಂದ ತೆಗೆದ ಮಸುಕು ಚಿತ್ರವೇ? ತಕರಾರು ಇದ್ದರೆ ಅದೇ ಆಪಿನಲ್ಲಿ ದೂರು ಕೊಡಲು ಜಾಗವಿದೆ. ಪೊಲೀಸರು ತಮ್ಮ ಸ್ವಂತ ಮೊಬೈಲಿನಲ್ಲಿ ಫೋಟೋ ತೆಗೆದು ಆಮೇಲೆ ಯಂತ್ರಕ್ಕೆ ಹಾಕುವ ಬಗ್ಗೆ ವಾಹನ ಚಾಲಕರಿಂದ ಬಹಳ ದೂರುಗಳಿದ್ದವು. 2025ರ ಜುಲೈಯಲ್ಲಿ ರಾಜ್ಯದ ಸಂಚಾರ ವಿಭಾಗ ಅದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಚಲನ್ ಬರುವುದು ಗಾಡಿಯ ನೋಂದಾಯಿತ ಮಾಲೀಕರಿಗೆ ಎಂಬುದೂ ನೆನಪಿರಲಿ. ಹಳೆಯ ಸ್ಕೂಟರನ್ನು ಪರಿಚಿತರಿಗೆ ಮಾರಿ, ಹೆಸರು ಬದಲಿಸದೆ ಬಿಟ್ಟವರಿಗೆ ಯಾರದೋ ಬರಿದಲೆಯ ದಂಡ ಬಂದು ತಗಲುತ್ತದೆ.

‘ನಮ್ಮ ತಲೆ ನಮ್ಮ ಇಷ್ಟ’ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿದೆ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮ ಸಂಚಾರ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಅಜಯ್ ಕಾನು ಪ್ರಕರಣದಲ್ಲಿ ವಾದಿಸಲಾಗಿತ್ತು. 1988ರಲ್ಲಿ ಬಂದ ತೀರ್ಪು ಅದನ್ನು ಒಪ್ಪಲಿಲ್ಲ. ನಿಯಮ ಸವಾರನ ಓಡಾಟವನ್ನು ತಡೆಯುವುದಿಲ್ಲ, ಅವನ ಜೀವ ಕಾಯುತ್ತದೆ ಎಂಬುದು ನ್ಯಾಯಾಲಯದ ನಿಲುವು. ನಾನೂ ಅದೇ ಪಕ್ಷ. ಅಪಘಾತದಲ್ಲಿ ತಲೆಗೆ ಪೆಟ್ಟಾದವರ ಮನೆಯಲ್ಲಿ ಆ ಪೆಟ್ಟು ಒಬ್ಬರದಾಗಿ ಉಳಿಯುವುದಿಲ್ಲ. ಆಸ್ಪತ್ರೆಯ ಬಿಲ್ಲು, ಕೆಲಸ ಬಿಟ್ಟು ಪಕ್ಕದಲ್ಲಿ ಕೂರುವ ಹೆಂಡತಿ, ಶಾಲೆ ಬದಲಿಸುವ ಮಗು, ಊರಿನಿಂದ ಬಸ್ಸು ಹತ್ತಿ ಬರುವ ಅಪ್ಪ ಅಮ್ಮ, ಎಲ್ಲರೂ ಅದನ್ನು ಹೊರುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲದ, ಎದುರಿನ ಹೊಂಡ ಕಾಣದ, ಬ್ರೇಕ್ ಬೀಳುವುದು ಮೊದಲೇ ಗೊತ್ತಾಗದ ಸೀಟು ಅದು. ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ನೂರಕ್ಕೆ 42ರಷ್ಟು, ತಲೆಯ ಗಾಯದ ಸಾಧ್ಯತೆಯನ್ನು 69ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆ ಹೇಳಿದೆ.

ಹೊಂಡದ ಮಾತು ಬಂದಮೇಲೆ ಕಲ್ಯಾಣವನ್ನು ಬಿಟ್ಟು ಮುಂದೆ ಹೋಗಲಾಗದು. 2018ರ ಜುಲೈಯ ಮಳೆಯಲ್ಲಿ ಅಲ್ಲಿನ ಶಿವಾಜಿ ಚೌಕದಲ್ಲಿ ಬೈಕಿನ ಹಿಂದೆ ಕೂತಿದ್ದ ಮಹಿಳೆಯೊಬ್ಬರು ರಸ್ತೆ ಹದಗೆಟ್ಟ ಜಾಗದಲ್ಲಿ ಆಯತಪ್ಪಿ ಬಿದ್ದು ಬಸ್ಸಿನ ಚಕ್ರಕ್ಕೆ ಸಿಕ್ಕರು. ಸಿಸಿಟಿವಿಯಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಬಸ್ಸಿನ ಚಕ್ರದೆದುರು ಯಾವ ಹೆಲ್ಮೆಟ್ಟೂ ಸಾಲದು. ಹೆಲ್ಮೆಟ್ ಹಾಕುವುದು ಸವಾರರ ಕರ್ತವ್ಯವಾದರೆ ಹೊಂಡವಿಲ್ಲದ ರಸ್ತೆ ಅವರ ಹಕ್ಕು, ಮತ್ತು ನನ್ನ ದೃಷ್ಟಿಯಲ್ಲಿ ಸವಾರರ ಹಕ್ಕುಗಳಲ್ಲಿ ದೊಡ್ಡದು ಇದೇ. ಈ ಹಕ್ಕಿಗೆ ಈಗ ಒಂದು ಗಟ್ಟಿ ಆಧಾರ ಸಿಕ್ಕಿದೆ. 2025ರ ಅಕ್ಟೋಬರ್ 13ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ರೇವತಿ ಮೋಹಿತೆ ಡೇರೆ ಮತ್ತು ಸಂದೇಶ ಪಾಟೀಲರ ಪೀಠ, ರಸ್ತೆ ಹೊಂಡ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸತ್ತವರ ಮನೆಯವರಿಗೆ ಆರು ಲಕ್ಷ, ಗಾಯಗೊಂಡವರಿಗೆ ಗಾಯದ ಪ್ರಮಾಣ ನೋಡಿ 50,000ದಿಂದ ಎರಡೂವರೆ ಲಕ್ಷದವರೆಗೆ ಪರಿಹಾರ ಕೊಡಬೇಕೆಂದು ಆದೇಶಿಸಿತು. ಮೊತ್ತ ನಿರ್ಧರಿಸಲು ನಗರಗಳಲ್ಲಿ ಪಾಲಿಕೆ ಆಯುಕ್ತರು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಇರುವ ಸಮಿತಿ ಮಾಡಬೇಕೆಂದಿತು. ಬಿದ್ದವರನ್ನು ಎತ್ತುವಾಗ ಹೊಂಡದ ಫೋಟೋ ತೆಗೆಯುವ ಮನಸ್ಸು ಯಾರಿಗೂ ಇರುವುದಿಲ್ಲ, ಅದು ಸಹಜ. ಆದರೂ ಜೊತೆಗಿದ್ದ ಯಾರಾದರೊಬ್ಬರು ಹೊಂಡ, ಸುತ್ತಲಿನ ಅಂಗಡಿಯ ಬೋರ್ಡು, ಗಾಡಿ ಬಿದ್ದ ಜಾಗ ಇಷ್ಟನ್ನು ತೆಗೆದಿಟ್ಟುಕೊಳ್ಳಿ. ಪೊಲೀಸ್ ಠಾಣೆಯ ದಾಖಲೆಯಲ್ಲಿ ‘ಹೊಂಡದಿಂದ’ ಎಂದೇ ಬರೆಸಿ. ‘ಸವಾರ ಆಯತಪ್ಪಿ’ ಎಂದು ಬರೆದುಬಿಟ್ಟರೆ ಆಮೇಲೆ ಪಾಲಿಕೆಯನ್ನು ಕೇಳುವುದು ಕಷ್ಟ.

ಬೇರೆ ಗಾಡಿ ಬಂದು ಗುದ್ದಿದಾಗ ನಿಮ್ಮ ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ ಎಂದುಕೊಳ್ಳಿ. ಪರಿಹಾರವೇ ಸಿಗುವುದಿಲ್ಲ ಎಂದು ವಿಮಾ ಕಂಪನಿಯ ಕಡೆಯವರು ಹೇಳಿದರೆ ನಂಬಬೇಡಿ. ಹೆಲ್ಮೆಟ್ ಇಲ್ಲದ್ದು ಅಪಘಾತಕ್ಕೆ ಕಾರಣವಲ್ಲ, ಗಾಯ ಹೆಚ್ಚಲು ಕಾರಣವಾಗಿರಬಹುದು ಅಷ್ಟೇ. ಬೈಕಿನಲ್ಲಿ ಮೂವರು ಕೂತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದೇ ತರ್ಕ ಹಿಡಿಯಿತು: ನಿಯಮ ಮೀರಿದ್ದಕ್ಕೂ ಅಪಘಾತಕ್ಕೂ ಸಂಬಂಧ ಸಾಬೀತಾಗದೆ ಪರಿಹಾರ ಕತ್ತರಿಸುವಂತಿಲ್ಲ. ಹೆಲ್ಮೆಟ್ ಹಾಕಿರಲಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರವನ್ನು ದೊಡ್ಡ ಪ್ರಮಾಣದಲ್ಲಿ ಕಡಿಯಬಾರದು ಎಂದು ಕರ್ನಾಟಕ ಹೈಕೋರ್ಟೂ ಹೇಳಿದೆ. ಆದರೂ ಆ ವಾದವನ್ನು ಎದುರಿಸುತ್ತಾ ವರ್ಷಗಟ್ಟಲೆ ನ್ಯಾಯಮಂಡಳಿಗೆ ಅಲೆಯುವವರು ನೀವೇ ಅಲ್ಲವೇ? ಅರ್ಜಿಗೆ ಕಾಯ್ದೆ ಇಟ್ಟಿರುವ ಅವಧಿ ಅಪಘಾತವಾದ ದಿನದಿಂದ ಆರು ತಿಂಗಳು. ತಡ ಮಾಡಬೇಡಿ.

ಇನ್ನು ಯಾವ ಹೆಲ್ಮೆಟ್ ಎಂಬುದು. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಇನ್ನೂರು ಮುನ್ನೂರು ರೂಪಾಯಿಗೆ ಮಾರುವ ತೆಳ್ಳನೆಯ ಟೋಪಿಗಳು ಪೊಲೀಸರ ಕಣ್ಣು ತಪ್ಪಿಸಬಹುದು, ಡಾಂಬರಿನ ಪೆಟ್ಟು ತಡೆಯಲಾರವು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಹೆಲ್ಮೆಟಿನ ಹಿಂಬದಿ ನೋಡಿ. ಐಎಸ್‌ಐ ಗುರುತಿನ ಮೇಲೆ ಐಎಸ್ 4151 ಎಂಬ ಮಾನಕ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಅದು ಹೆಲ್ಮೆಟಿನ ಮೇಲಿನ ಹೆಸರಿಗೆ ಹೊಂದದಿದ್ದರೆ ಅಲ್ಲೇ ಇಟ್ಟು ಬನ್ನಿ. ಒಳಗಿನ ಬಟ್ಟೆಯ ಹಿಂದೆ ದಪ್ಪ ಥರ್ಮೊಕೋಲಿನಂಥ ಪದರ ಇರಬೇಕು. ಪೆಟ್ಟನ್ನು ಕುಡಿಯುವುದು ಹೊರಗಿನ ಚಿಪ್ಪಲ್ಲ, ಆ ಪದರ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟಿನೊಳಗೆ ಅದು ಅಮುಕಿಹೋಗಿರುತ್ತದೆ, ಹೊರಗೆ ಗೀರೂ ಕಾಣದಿರಬಹುದು. ಅಂಥದ್ದನ್ನು ಬದಲಿಸಲೇಬೇಕು.

ಪಟ್ಟಿ ಕಟ್ಟದ ಹೆಲ್ಮೆಟ್ ಕಾಯ್ದೆಯ ದೃಷ್ಟಿಯಲ್ಲಿ ಹೆಲ್ಮೆಟ್ಟೇ ಅಲ್ಲ. ಸೆಕ್ಷನ್ 129ರ ವಿವರಣೆಯಲ್ಲೇ, ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂದಿದೆ. ಥಾಣೆ–ಬೇಲಾಪುರ ರಸ್ತೆಯಲ್ಲಿ ಬೆಳಗ್ಗೆ ನಿಂತು ನೋಡಿದರೆ ಪಟ್ಟಿ ಗಲ್ಲದ ಪಕ್ಕದಲ್ಲಿ ಹಾರಾಡುತ್ತಿರುವ ಸವಾರರು ಎಷ್ಟೋ ಜನ ಕಾಣುತ್ತಾರೆ. ಬೀಳುವ ಹೊತ್ತಿಗೆ ಮೊದಲು ಹಾರಿಹೋಗುವುದು ಆ ಹೆಲ್ಮೆಟ್. ಪಟ್ಟಿಗೂ ಗಲ್ಲಕ್ಕೂ ನಡುವೆ ಎರಡು ಬೆರಳು ಮಾತ್ರ ತೂರಬೇಕು. ಕಟ್ಟಿದ ಮೇಲೆ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಿ ನೋಡಿ, ಕಳಚಿ ಬಂದರೆ ಅಳತೆ ದೊಡ್ಡದಾಯಿತು.

ಮಗುವಿದ್ದರೆ: ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕೂರಿಸಿಕೊಂಡರೆ ಸವಾರನ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ, ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ. 2023ರ ಫೆಬ್ರವರಿಯಿಂದ ಇದು ಜಾರಿಯಲ್ಲಿದೆ. ನಾಲ್ಕು ದಾಟಿದ ಮಗುವಿಗೆ ಹೆಲ್ಮೆಟಿನ ಮಟ್ಟಿಗೆ ದೊಡ್ಡವರದೇ ಕಾನೂನು. ಶಾಲೆ ಮನೆಯ ಹತ್ತಿರವೇ ಇದ್ದರೂ ಅದೇ ನಿಯಮ. ರಜೆಯಲ್ಲಿ ಊರಿಗೆ ಹೋಗಿ ಅಲ್ಲಿ ಬೈಕ್ ಹತ್ತಿದಾಗಲೂ ಇದೇ ಸೆಕ್ಷನ್ 129, ಕರ್ನಾಟಕದಲ್ಲಿ ರಾಜಿ ದಂಡ 500 ರೂಪಾಯಿ.

ನೀವು ಕೇಳದ ಒಂದು ಮಾತು ಹೇಳಿ ಮುಗಿಸುತ್ತೇನೆ. ಎರಡನೇ ಹೆಲ್ಮೆಟನ್ನು ನೀವೊಬ್ಬರೇ ಹೋಗಿ ತರಬೇಡಿ. ನಿಮ್ಮ ಅಳತೆ ನಿಮ್ಮ ಹೆಂಡತಿಯದಲ್ಲ. ಮುಡಿ ಕಟ್ಟಿದಾಗ ಎಲ್ಲಿ ಒತ್ತುತ್ತದೆ, ಕಿವಿಯೋಲೆ ಎಲ್ಲಿ ತಾಗುತ್ತದೆ ಎಂಬುದು ಅವರಿಗೇ ಗೊತ್ತು. ಒತ್ತುವ ಹೆಲ್ಮೆಟ್ ಎರಡನೇ ದಿನಕ್ಕೆ ಡಿಕ್ಕಿ ಸೇರುತ್ತದೆ. ಈ ಭಾನುವಾರ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಮುಡಿ ಕಟ್ಟಿಕೊಂಡೇ ಹಾಕಿ ನೋಡಲು ಹೇಳಿ, ಬಿಲ್ ಕೇಳಿ ತೆಗೆದುಕೊಳ್ಳಿ. ಹೋಗುವಾಗ ಮಾತ್ರ ರಿಕ್ಷಾದಲ್ಲಿ ಹೋಗಿ.